ಡಿಕ್ಕಿಯೊಳಗಿನ ಬ್ಯಾಟರಿ: ಝಡ್4ಗೆ ಹೊಸದನ್ನು ಆರಿಸುವಾಗ

ಎರಡು ಸೀಟಿನ ಸ್ಪೋರ್ಟ್ಸ್ ಕಾರು ಬಿಎಂಡಬ್ಲ್ಯು ಝಡ್4ರ ಇ89 ಮಾದರಿಯಲ್ಲಿ ಬ್ಯಾಟರಿ ಇರುವುದು ಬಾನೆಟ್ ಕೆಳಗಲ್ಲ, ಹಿಂದಿನ ಡಿಕ್ಕಿಯಲ್ಲಿ. ಮುಂದಿನ ಚಕ್ರಗಳ ಮೇಲೆ ಭಾರ ಕಡಿಮೆಯಾಗಲಿ ಎಂದು ಈ ಏರ್ಪಾಡು. 1989ರ ಮಜ್ದಾ ಎಂಎಕ್ಸ್-5ರಲ್ಲೂ ಹೀಗೇ ಇತ್ತು. ಅದಕ್ಕೇ ಆಂಪಿಯರ್, ಬೆಲೆ, ವಾರಂಟಿ ಕೇಳುವ ಮೊದಲು ನಾನು ನೋಡುವುದು ಅನಿಲ ಹೊರಹೋಗುವ ತೂತನ್ನು.

ಚಾರ್ಜ್ ಆಗುವಾಗ ಸೀಸದ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ ಡಿಕ್ಕಿಯ ಗಾಳಿಯಲ್ಲಿ ಅದು ಶೇ 4ಕ್ಕೆ ಬಂದರೆ ಒಂದು ಕಿಡಿ ಸಾಕು. ಎಜಿಎಂ ಬ್ಯಾಟರಿ (ಆ್ಯಸಿಡ್ಡನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಟ್ಟುಕೊಂಡ ಸೀಸದ ಬ್ಯಾಟರಿ) ಬಹುಪಾಲು ಅನಿಲವನ್ನು ಒಳಗೇ ನೀರಾಗಿಸುತ್ತದೆ ನಿಜ. ಆದರೆ ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು 15 ವೋಲ್ಟ್ ದಾಟಿದರೆ ಅದರ ವಾಲ್ವೂ ತೆರೆದುಕೊಳ್ಳುತ್ತದೆ. ಅಂಗಡಿಯವರು ‘ಸೀಲ್ಡ್ ಇದೆ ಸರ್, ಪೈಪ್ ಬೇಡ’ ಎಂದರೆ ಒಪ್ಪಬೇಡಿ. ಅನಿಲವನ್ನು ಹೊರಗೆ ಒಯ್ಯುವ ಕಾರಿನ ಪೈಪು ಬ್ಯಾಟರಿ ಮುಚ್ಚಳದ ಪಕ್ಕದ ತೂತಿಗೆ ಬಿಗಿಯಾಗಿ ಕೂರಬೇಕು, ಎದುರು ಬದಿಯ ತೂತಿಗೆ ಬಿರಡೆ ಹಾಕಿರಬೇಕು. ಈ ಬಿರಡೆ ಹಳೆಯ ಬ್ಯಾಟರಿಯ ಜೊತೆ ಎಕ್ಸ್‌ಚೇಂಜಿಗೆ ಹೋಗಿಬಿಡುತ್ತದೆ, ಮೊದಲೇ ಬಿಚ್ಚಿಟ್ಟುಕೊಳ್ಳಿ. ಪೈಪು ಕಟ್ಟಿಕೊಂಡಿದೆಯೇ ಎಂದು ಸೈಕಲ್ ಪಂಪಿನಿಂದ ಊದಿ ನೋಡಿ. ಒಳಗೆ ಆ್ಯಸಿಡ್ ಇರಬಹುದು, ಬಾಯಿ ಹಚ್ಚಬೇಡಿ.

ಅಳತೆ ಹಳೆಯ ಬ್ಯಾಟರಿಯಲ್ಲಿದ್ದಷ್ಟೇ ಇರಲಿ. ಅಗಲ 175, ಎತ್ತರ 190 ಮಿ.ಮೀ.; ಉದ್ದ 278 ಇದ್ದರೆ ಸಾಮಾನ್ಯವಾಗಿ 70 ಆಂಪಿಯರ್-ಅವರ್, 315 ಇದ್ದರೆ 80. ಬುಡದಲ್ಲಿ ಅಂಚು ಇರಲೇಬೇಕು, ಕ್ಲ್ಯಾಂಪ್ ಹಿಡಿಯುವುದು ಅದನ್ನೇ. ಸಣ್ಣ ಕಾರುಗಳ ಜಪಾನಿ ಅಳತೆಯ ಬ್ಯಾಟರಿಗೆ ಈ ಅಂಚಿಲ್ಲ. ಹಗ್ಗ ಕಟ್ಟಿ ಕೂರಿಸಿದರೆ ಹಂಪಿನಲ್ಲಿ ಜರುಗಿ ಪ್ಲಸ್ ತಗಡಿಗೆ ತಾಗುತ್ತದೆ. ಕಡಿಮೆ ತೂಕದ ಲಿಥಿಯಂ ಈ ಕಾರಿಗೆ ಬೇಡ. ಇದರ ಚಾರ್ಜಿಂಗ್ ಲೆಕ್ಕವೆಲ್ಲ ಸೀಸಕ್ಕೆ ಹೊಂದಿಸಿದ್ದು.

ದಾವಣಗೆರೆಯ ಪಿಬಿ ರಸ್ತೆಯ ಅಂಗಡಿಗಳಲ್ಲಿ ಹೆಚ್ಚು ಓಡುವುದು ಸಾದಾ ಬ್ಯಾಟರಿ. ಎಜಿಎಂ ತರಿಸಿಕೊಳ್ಳುವಾಗ ತಯಾರಿಕೆಯ ತಿಂಗಳು ಕೇಳಿ, ಮಲ್ಟಿಮೀಟರ್ ಹಿಡಿದು ನೋಡಿ. 12.8 ವೋಲ್ಟ್ ತೋರಿಸಬೇಕು, 12.5 ಇದ್ದರೆ ವಾಪಸ್ ಕಳಿಸಿ.

ಕಳಚುವ ಮೊದಲು ಡಿಕ್ಕಿ ತೆರೆದೇ ಇರುವಂತೆ ನೋಡಿಕೊಳ್ಳಿ, ಕರೆಂಟಿಲ್ಲದಾಗ ಬೀಗ ಬಿದ್ದರೆ ಬಟನ್ ಕೆಲಸ ಮಾಡದು. ಮೊದಲು ಮೈನಸ್, ಆಮೇಲೆ ಪ್ಲಸ್. ಕೂರಿಸುವಾಗ ಪ್ಲಸ್ ಮೊದಲು. ಮೈನಸ್ ಕ್ಲ್ಯಾಂಪಿನಲ್ಲೇ ಬ್ಯಾಟರಿಯ ಸ್ಥಿತಿ ಅಳೆಯುವ ಸೆನ್ಸರ್ ಇದೆ, ಸ್ಕ್ರೂಡ್ರೈವರಿನಿಂದ ಮೀಟಿದರೆ ಒಡೆಯುತ್ತದೆ. ಪ್ಲಸ್ ಕಡೆ ಅಪಘಾತದಲ್ಲಿ ಕೇಬಲ್ ಕಡಿಯುವ ಪುಟ್ಟ ಸಿಡಿಮದ್ದಿದೆ, ಸುತ್ತಿಗೆ ಸೋಕಿಸಬೇಡಿ. ಬ್ಯಾಟರಿ ಕೂರುವ ತಟ್ಟೆಯಲ್ಲಿ ಬಿಳಿ ಪುಡಿ ಕಂಡರೆ ಅಡುಗೆ ಸೋಡಾ ಕಲಸಿದ ನೀರಿನಿಂದ ಒರೆಸಿ, ಒಣಗಿಸಿ.

ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನಲ್ಲಿ ಹೊಸ ಬ್ಯಾಟರಿ ನೋಂದಾಯಿಸುವುದನ್ನು ಇಲ್ಲಿ ಬಹಳ ಜನ ಬಿಡುತ್ತಾರೆ. ಬಿಟ್ಟರೆ ಕಾರು ಅದನ್ನು ಮುದಿ ಬ್ಯಾಟರಿ ಎಂದೇ ತಿಳಿದು ಹೆಚ್ಚು ಚಾರ್ಜ್ ಮಾಡುತ್ತದೆ; ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಆ ಹೆಚ್ಚಿನ ಚಾರ್ಜು ಅನಿಲವಾಗಿಯೇ ಹೊರಬರುತ್ತದೆ.

ನಿಂತ ಕಾರು 50 ಮಿಲಿಆಂಪಿಯರ್ ಎಳೆದರೂ 70ರ ಬ್ಯಾಟರಿಯ ಅರ್ಧ 29 ದಿನಕ್ಕೆ ಖಾಲಿ. ತಿಂಗಳುಗಟ್ಟಲೆ ನಿಲ್ಲಿಸುವವರು ಎಜಿಎಂ ಮೋಡ್ ಇರುವ ಚಾರ್ಜರನ್ನು ಬಾನೆಟ್ ಕೆಳಗಿನ ಟರ್ಮಿನಲ್‌ಗಳಿಗೆ ಕೊಡಿ, 14.8 ವೋಲ್ಟ್ ಮೀರದಿರಲಿ, ಚಾರ್ಜ್ ಮುಗಿಯುವ ತನಕ ಡಿಕ್ಕಿ ತೆರೆದಿರಲಿ.