ಕೆಪ್ಪ ಜೋಗಕ್ಕೆ ಎರಡನೇ ಸಲ

ಉತ್ತರ ಕನ್ನಡದ ಉಂಚಳ್ಳಿ ಜಲಪಾತಕ್ಕೆ ಮೊದಲ ಸಲ ಹೋಗಿದ್ದು ಜುಲೈಯಲ್ಲಿ. ಹೋದೆ, ಆದರೆ ನೋಡಲಿಲ್ಲ. ಕಣಿವೆ ತುಂಬ ಮಂಜು. ಅದರೊಳಗಿಂದ ಬರೀ ಸದ್ದು. ಪಕ್ಕದಲ್ಲಿದ್ದ ಗೆಳೆಯನ ಮಾತೂ ಕೇಳುತ್ತಿರಲಿಲ್ಲ. ಊರವರು ಕೆಪ್ಪ ಜೋಗ ಅನ್ನುವುದು ಸುಮ್ನೆ ಅಲ್ಲ. 1845ರಲ್ಲಿ ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್ ಇದನ್ನು ‘ಕಂಡುಹಿಡಿದರಂತೆ’. ಇಷ್ಟು ಸದ್ದು ಊರವರಿಗೆ ಅಲ್ಲಿಯವರೆಗೆ ಕೇಳಿಸಿರಲಿಲ್ಲವೋ ಏನೋ! ಒಂದು ಗಂಟೆ ನೆನೆದು, ಕಾಲಿಗೆ ಉಂಬಳ ಹತ್ತಿಸಿಕೊಂಡು ತಿರುಗಿ ಬಂದೆ.

ಹತ್ತಿರದ ಊರು ಹೆಗ್ಗರಣೆಯಲ್ಲಿ ಚಹಾ ಕೊಟ್ಟ ಅಜ್ಜ ನಕ್ಕರು. “ಭೂಮಿ ಹುಣ್ಣಿಮೆ ಕಳೀಲಿ ತಮ್ಮಾ, ಆಮೇಲೆ ಬಾ” ಅಂದರು.

ಮಳೆಗಾಲ ಕಳೆದು ಅಕ್ಟೋಬರ್ ಹೊತ್ತಿಗೆ ಬರುವ ಹುಣ್ಣಿಮೆ ಅದು. ಹಾಗೇ ಮಾಡಿದೆ. ಸಿದ್ದಾಪುರದಿಂದ ಸುಮಾರು 35 ಕಿ.ಮೀ. ಬೆಳಿಗ್ಗೆ ಬೇಗ ಬೈಕ್ ಹತ್ತಿದೆ. ಗದ್ದೆಗಳಲ್ಲಿ ಭತ್ತದ ತೆನೆ ಬಾಗಿತ್ತು. ಕಾಡಿನ ದಾರಿಯಲ್ಲಿ ಕೆಸರು ಮಾತ್ರ ಇನ್ನೂ ಆರಿರಲಿಲ್ಲ. ಒಂದು ಇಳಿಜಾರಿನಲ್ಲಿ ಜಾರಿ ಬಿದ್ದು ಬೈಕಿನ ಕನ್ನಡಿ ಹೋಯಿತು. ಇವತ್ತಿಗೂ ಹಾಕಿಸಿಲ್ಲ.

ಮೆಟ್ಟಿಲು ಪಾಚಿಗಟ್ಟಿದ್ದವು, ಕಂಬಿ ಹಿಡಿದೇ ಇಳಿದೆ. ಒಂದು ತಿರುವಿನಲ್ಲಿ ಅಘನಾಶಿನಿ ಇಡಿಯಾಗಿ ಕಂಡಳು. 116 ಮೀಟರ್ ಎತ್ತರದಿಂದ ಬೀಳುತ್ತಿದ್ದರೂ ನೀರಿನ ಸಂದಿಯಲ್ಲಿ ಕಪ್ಪು ಬಂಡೆ ಕಾಣುತ್ತಿತ್ತು. ಮಳೆಗಾಲದ ಕೆಂಪು ಪೂರಾ ಇಳಿದಿತ್ತು. ಈ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಜೋಗದಲ್ಲಾದರೆ ಲಿಂಗನಮಕ್ಕಿ ಎಷ್ಟು ತುಂಬಿದೆ, ನೀರು ಬಿಟ್ಟಿದ್ದಾರಾ ಅಂತ ವಿಚಾರಿಸಬೇಕು. ಇಲ್ಲಿ ಮಳೆ ಕೊಟ್ಟಷ್ಟೇ ನೀರು, ಹಾಗಾಗಿ ತಿಂಗಳು ನೋಡಿ ಹೋಗಬೇಕು. ಬೇಸಿಗೆಗೆ ಹೋದರೆ ಎಳೆ ಎಳೆಯಾಗಿ ಇಳಿಯುವುದನ್ನು ನೋಡಿ ಬರಬೇಕಾಗುತ್ತದೆ.

ನಾನು ಹೋದಾಗ ಕೆಳಗೆ ಇನ್ನೂ ಮಂಜಿತ್ತು. ನನ್ನ ಜೊತೆ ಬಂದಿಳಿದವರು ಹತ್ತು ನಿಮಿಷ ಫೋಟೊ ತೆಗೆದು ಹತ್ತಿಬಿಟ್ಟರು. ನಾನು ಕಟ್ಟಿಕೊಂಡು ಹೋದ ಅವಲಕ್ಕಿ ತಿನ್ನುತ್ತಾ ಕೂತೆ. ಸುತ್ತಲಿನದು ಸಿಂಗಳೀಕಗಳ ಕಾಡು, ಆ ದಿನ ಒಂದೂ ಕಾಣಲಿಲ್ಲ. ಹೊತ್ತು ಏರಿತು, ಮಂಜು ಚದುರಿತು, ಬಿಸಿಲು ನನ್ನ ಬೆನ್ನಿಗೆ ಬಿತ್ತು. ನೀರಿನ ಹುಡಿಯಲ್ಲಿ ಕಾಮನಬಿಲ್ಲು ಮೂಡಲು ಬೇಕಾದದ್ದು ಅದೇ, ಬೆನ್ನಿಗೆ ಬಿಸಿಲು. ಸೂರ್ಯ ಮೇಲೇರಿದ ಹಾಗೆಲ್ಲ ಬಿಲ್ಲು ಕಣಿವೆಯ ಒಳಕ್ಕೆ ಇಳಿಯುತ್ತಾ ಹೋಯಿತು. ಕಾಮನಬಿಲ್ಲನ್ನು ಕತ್ತೆತ್ತಿ ನೋಡಿ ಅಭ್ಯಾಸ. ಅವತ್ತು ಕಂಬಿ ಹಿಡಿದು ಬಗ್ಗಿ ನೋಡಿದೆ.