ಏಳನೇ ಕ್ಲಾಸಿನ ರಜೆಯಲ್ಲೇ ಪಿಯುಸಿ ತಯಾರಿ: ಒಂದು ನೋಟ್‌ಬುಕ್, ನಾಲ್ಕು ಭಾನುವಾರ

ಹೋದ ವರ್ಷ ದಸರಾ ರಜೆ ಮುಗಿದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್‌ರೂಮಿನ ಬಾಗಿಲಲ್ಲಿ ಬಂದು ನಿಂತಳು. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 570ರ ಮೇಲೆ ತೆಗೆದ ಹುಡುಗಿ. ಪಟ್ಟಣದ ಕಾಲೇಜಿನಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಸೇರಿದ್ದಳು. "ಸಾರ್, ನನ್ನ ಆರ್ಟ್ಸ್‌ಗೆ ಹಾಕಿ ಅಂತ ಅಪ್ಪಂಗೆ ನೀವೇ ಹೇಳಿ" ಅಂದಳು. ಯಾಕಮ್ಮ ಎಂದರೆ ಬ್ಯಾಗಿನಿಂದ ಫಿಸಿಕ್ಸ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಮೊದಲ ಪಾಠದಲ್ಲಿ ಪ್ರತಿ ಸಾಲಿನ ಮೇಲೂ ಪೆನ್ಸಿಲ್‌ನಲ್ಲಿ ಕನ್ನಡದ ಅರ್ಥ ಬರೆದಿದ್ದಳು. ಎರಡನೇ ಪಾಠದಲ್ಲಿ ಅರ್ಧದವರೆಗೆ. ಮೂರನೇ ಪಾಠದ ಪುಟಗಳು ಖಾಲಿ.

ಅವಳಿಗೆ ಫಿಸಿಕ್ಸ್ ಬರುತ್ತಿತ್ತು. ಕ್ಲಾಸಿನಲ್ಲಿ ಹೇಳುವ ಆಕ್ಸಲರೇಷನ್, ತಾನು ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕ ಮಾಡಿ ಮುಗಿಸಿದ ವೇಗೋತ್ಕರ್ಷವೇ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಹೈಸ್ಕೂಲು ಮೇಷ್ಟ್ರಾಗಿ ಇಂಥದ್ದನ್ನು ಪ್ರತಿ ವರ್ಷ ನೋಡುತ್ತೇನೆ. ಜೂನ್‌ನಲ್ಲಿ ಕಾಲೇಜಿನ ಕೌಂಟರ್ ಮುಂದೆ ನಿಂತ ಮೇಲೆ ಕಾಂಬಿನೇಷನ್ ಯಾವುದು ಎಂದು ಯೋಚಿಸುವವರು, ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಎಂದು ಆಗ ಕಣ್ಣುಬಿಡುವವರು. ಏಳನೇ ಕ್ಲಾಸಿನ ಮಗು ಮುಂದೆ ಏನಾಗಬೇಕು ಎಂದು ಈಗಲೇ ತೀರ್ಮಾನಿಸಿ ಅಂತ ನಾನು ಹೇಳುತ್ತಿಲ್ಲ. ನಮಗೆ ಗೊತ್ತಿಲ್ಲದೆ ಯಾವ ಬಾಗಿಲೂ ಮುಚ್ಚಿಹೋಗದ ಹಾಗೆ ನೋಡಿಕೊಂಡರೆ ಸಾಕು. ಅದಕ್ಕೆ ಬೇಸಿಗೆ ರಜೆಯ ನಾಲ್ಕು ಭಾನುವಾರ ಹಿಡಿಯುತ್ತದೆ. ಆಮೇಲೆ ವಾರಕ್ಕೆ ಸ್ವಲ್ಪ ಹೊತ್ತು.

ಹಂತ 1: ನೋಟ್‌ಬುಕ್

200 ಪುಟದ ಉದ್ದ ನೋಟ್‌ಬುಕ್ ತನ್ನಿ. ಮಗುವಿನ ಹೆಸರು ಮಗುವೇ ಬರೆಯಲಿ. ಆ್ಯಪ್, ಎಕ್ಸೆಲ್ ಏನೂ ಬೇಡ.

ಹಂತ 2: ಕೇಳುವ ಪ್ರಶ್ನೆ ಬದಲಿಸಿ

"ದೊಡ್ಡವನಾದ್ಮೇಲೆ ಏನಾಗ್ತೀಯಾ?" ಎಂದು ಕೇಳಬೇಡಿ. ಡಾಕ್ಟರ್, ಪೊಲೀಸ್, ಐಎಎಸ್ ಬಿಟ್ಟು ಬೇರೆ ಉತ್ತರ ಬರೋದಿಲ್ಲ. ಯಾವ ಕೆಲಸ ಮಾಡುವಾಗ ಊಟಕ್ಕೆ ಕರೆದರೂ ಎದ್ದು ಬರಲ್ಲ? ಯಾವ ಪೀರಿಯಡ್ ಬೇಗ ಮುಗಿದ ಹಾಗೆ ಅನ್ನಿಸುತ್ತೆ? ಇಂಥವು ಕೇಳಿ, ಹೇಳಿದ್ದನ್ನು ಹಾಗೇ ಬರೆದಿಡಿ. ಮೂಗು ಮುರಿಯಬೇಡಿ. ಕೆಟ್ಟ ಮಿಕ್ಸಿ ಬಿಚ್ಚಿ ಕೂರುವ ಹುಡುಗ ಓದಿನಲ್ಲಿ ಹಿಂದೆ ಇದ್ದಾನೆ ಅಂತ ನೀವು ಕೊರಗುತ್ತಿರಬಹುದು. ನನಗೆ ಅವನಲ್ಲಿ ಪಾಲಿಟೆಕ್ನಿಕ್ ಕಾಣುತ್ತದೆ.

ಇಲ್ಲೇ ಒಂದು ಮಾತು. ಬೆರಳಚ್ಚು ತೆಗೆದು "ನಿಮ್ಮ ಮಗುವಿನ ಮೆದುಳು ಇಂಥದ್ದಕ್ಕೆ ಸೂಕ್ತ" ಎಂದು ಬಣ್ಣದ ರಿಪೋರ್ಟ್ ಕೊಡುವವರು ಶಾಲೆಗಳಿಗೂ ಬರುತ್ತಾರೆ. ಡಿಎಂಐಟಿ ಅಂತ ಅದಕ್ಕೊಂದು ಹೆಸರು ಬೇರೆ. ಅದು ಗಿಣಿಶಾಸ್ತ್ರಕ್ಕಿಂತ ಹೆಚ್ಚೇನಲ್ಲ, ಗಿಣಿಯವನು ಕಮ್ಮಿ ದುಡ್ಡು ತಗೊಳ್ತಾನೆ ಅಷ್ಟೆ. ಆರನೇ ಕ್ಲಾಸಿಗೇ ಐಐಟಿ ಫೌಂಡೇಷನ್ ಅಂತ ಸೇರಿಸಿಕೊಳ್ಳುವವರಿಗೂ ನನ್ನ ಓಟಿಲ್ಲ. ಆ ದುಡ್ಡು ಎಫ್‌ಡಿ ಇಡಿ.

ಹಂತ 3: ದಾರಿಯನ್ನು ಹಿಂದಿನಿಂದ ಬರೆಯಿರಿ

ನೋಟ್‌ಬುಕ್ ಅಡ್ಡ ಹಿಡಿದು ಒಂದು ತುದಿಯಲ್ಲಿ ಎಸ್‌ಎಸ್‌ಎಲ್‌ಸಿ ಎಂದು ಬರೆದು, ಅಲ್ಲಿಂದ ಕವಲುಗಳನ್ನು ಎಳೆಯಿರಿ. ಪಿಯುಸಿ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಲ್ಲರಿಗೂ ಗೊತ್ತು. 3 ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ, ಐಟಿಐ, ಟೂಲ್ ಅಂಡ್ ಡೈ (ಕಾರ್ಖಾನೆಯ ಅಚ್ಚು, ಉಪಕರಣ ತಯಾರಿ) ಕಲಿಸುವ ಸರ್ಕಾರಿ ಸಂಸ್ಥೆ ಜಿಟಿಟಿಸಿ, ಕೃಷಿ ವಿಶ್ವವಿದ್ಯಾಲಯಗಳ 2 ವರ್ಷದ ಕೃಷಿ ಡಿಪ್ಲೊಮಾ, ಇವೂ ಎಸ್‌ಎಸ್‌ಎಲ್‌ಸಿ ಆದ ಮೇಲೆ ಇರುವ ದಾರಿಗಳೇ. ಡಿಪ್ಲೊಮಾ ಮಾಡಿದವರಿಗೆ ಎಂಜಿನಿಯರಿಂಗ್ ತಪ್ಪಿಹೋಯಿತು ಅನ್ನುವುದು ಸುಳ್ಳು. ಡಿಪ್ಲೊಮಾದವರಿಗೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೇ ಸೇರಬಹುದು.

ಈಗ ಇನ್ನೊಂದು ತುದಿಯಿಂದ ಬನ್ನಿ. ಮಗುವಿಗೆ ಇಷ್ಟ ಇರುವ ಮೂರು ಕೆಲಸ ಬರೆದು, ಒಂದೊಂದಕ್ಕೂ ಏನು ಓದಿರಬೇಕು ಎಂದು ಹಿಂದೆ ಹಿಂದೆ ಬರೆಯುತ್ತ ಬನ್ನಿ. ಕೃಷಿ ಬಿಎಸ್ಸಿ ಅಂದರೆ ಪಿಯುಸಿಯಲ್ಲಿ ಬಯಾಲಜಿ ಬೇಕು. ಬಿಎಸ್ಸಿ ನರ್ಸಿಂಗ್‌ಗೂ ಬೇಕು. 5 ವರ್ಷದ ಲಾ ಕೋರ್ಸಿಗೆ ಯಾವ ವಿಭಾಗದಿಂದ ಬಂದರೂ ಸರಿ. ನಮ್ಮ ಪಕ್ಕದ ಮನೆಯ ಹುಡುಗ ಎಲ್ಲರೂ ತಗೊಂಡರು ಅಂತ ಪಿಸಿಎಂಸಿ (ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್) ತಗೊಂಡ. ಮನೆಯಲ್ಲಿ ಅಡಿಕೆ ತೋಟ ಇತ್ತು, ಸೆಕೆಂಡ್ ಪಿಯುಸಿ ಹೊತ್ತಿಗೆ ಅಗ್ರಿ ಮಾಡೋಣ ಅನ್ನಿಸಿತು. ಬಯಾಲಜಿಯೇ ಇಲ್ಲ! ಕಾಮರ್ಸ್ ಕಡೆ ಹೋಗುವವರಿಗೆ ನನ್ನ ಸಲಹೆ ಒಂದೇ: ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ಸಿಕ್ಕರೆ ಅದನ್ನೇ ಹಿಡಿಯಿರಿ, ಬಿಡಬೇಡಿ.

ಹಂತ 4: ಎಂಟನೇ ಕ್ಲಾಸಿಗೆ ಶಾಲೆ ಬದಲಿಸುವ ಮುಂಚೆ

ಎಂಟಕ್ಕೆ ಪಟ್ಟಣದ ಇಂಗ್ಲಿಷ್ ಮೀಡಿಯಂಗೆ ಹಾಕುವುದು ಈಗ ರೂಢಿ. ಹಾಕುವುದು ಬಿಡುವುದು ನಿಮ್ಮಿಷ್ಟ, ಆದರೆ ಒಂದು ವಿಷಯ ತಿಳಿದುಕೊಂಡು ಹಾಕಿ. ಪಿಯುಸಿ ಆದ ಮೇಲೆ ಎಂಜಿನಿಯರಿಂಗ್, ಕೃಷಿಯಂಥ ಕೋರ್ಸುಗಳಿಗೆ ಸೇರಲು ಬರೆಯುವ ಸಿಇಟಿಯ ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ 15%, ಕನ್ನಡ ಮಾಧ್ಯಮದ್ದು 5%. ಎರಡಕ್ಕೂ 1ರಿಂದ 10ನೇ ಕ್ಲಾಸಿನವರೆಗೆ ಪೂರ್ತಿ 10 ವರ್ಷ ಹಾಗೆ ಓದಿರಬೇಕು. ಏಳು ವರ್ಷ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿ ಎಂಟಕ್ಕೆ ಬದಲಿಸಿದರೆ ಆ ಏಳು ವರ್ಷ ಲೆಕ್ಕಕ್ಕೇ ಬರುವುದಿಲ್ಲ. ಶಾಲೆ ಬದಲಿಸಿದರೂ ಬದಲಿಸದಿದ್ದರೂ ಓದಿದ ಪ್ರತಿ ಶಾಲೆಯ ಹೆಸರು, ಯಾವ ವರ್ಷದಿಂದ ಯಾವ ವರ್ಷ, ಎಲ್ಲವನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ವ್ಯಾಸಂಗ ಪ್ರಮಾಣಪತ್ರ ತರಲು ಓಡಾಡುವಾಗ ಬೇಕಾಗುತ್ತದೆ.

ಇದೇ ಹೊತ್ತಿಗೆ ಪ್ರಥಮ ಭಾಷೆಯ ಪ್ರಶ್ನೆಯೂ ಬರುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ 125 ಅಂಕದ ಪೇಪರ್ ಅದು. ಜಾಸ್ತಿ ಮಾರ್ಕ್ಸ್ ಬರುತ್ತೆ ಅಂತ ಸಂಸ್ಕೃತಕ್ಕೆ ಜಿಗಿಯುವವರಿದ್ದಾರೆ. ಸಂಸ್ಕೃತ ಇಷ್ಟ ಇದ್ದರೆ ಸರಿ. ಬರೀ ಮಾರ್ಕ್ಸಿಗಾಗಿಯಾದರೆ ನಾನಂತೂ ಬೇಡ ಅಂತೀನಿ.

ಹಂತ 5: ಹೆಸರು, ಹುಟ್ಟಿದ ದಿನ, ಇನಿಷಿಯಲ್

ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ ರಿಜಿಸ್ಟರ್, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ). ನಾಲ್ಕರಲ್ಲೂ ಒಂದೊಂದು ಅಕ್ಷರ ತಾಳೆ ಹಾಕಿ ನೋಡಿ. ಮಂಜುನಾಥನೋ ಮಂಜುನಾಥ್‌ನೋ? ಇಂಗ್ಲಿಷಿನಲ್ಲಿ ಕೊನೆಗೆ 'ಎ' ಇದೆಯಾ? ಇನಿಷಿಯಲ್ ಹಿಂದೋ ಮುಂದೋ? ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಚ್ಚಾದದ್ದೇ ಜೀವನಪೂರ್ತಿ ಹೆಸರು, ಅದೇ ಹುಟ್ಟಿದ ದಿನ. ನನ್ನದೇ ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್ ಬದಲು ಬೇರೊಂದು ಅಕ್ಷರ ಬಿತ್ತು. ಅದೊಂದು ಅಕ್ಷರಕ್ಕೆ ಕಚೇರಿಯೊಂದಕ್ಕೆ ಐದು ಸಲ ಹೋದೆ, ಐದು ಸಲವೂ "ನಾಳೆ ಬನ್ನಿ". ಏಳನೇ ಕ್ಲಾಸಿನಲ್ಲಿ ಹೆಡ್‌ಮಾಸ್ಟರ ಮುಂದೆ ಕೂತು ಶುರುಮಾಡಿದರೆ ತಿದ್ದಿಸಲು ಕೈಯಲ್ಲಿ ಮೂರು ವರ್ಷ ಇರುತ್ತದೆ.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮಾಡಿಸಿ, ಅದರ ಮೇಲಿನ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ಸ್ಕಾಲರ್‌ಶಿಪ್ ಅರ್ಜಿಗೆ ಅದೇ ಬೇಕು. ಆದಾಯದ್ದಕ್ಕೆ 5 ವರ್ಷದ ಅವಧಿ, ಮುಗಿಯುವ ತಾರೀಖನ್ನೂ ಬರೆಯಿರಿ. ಮಗುವಿಗೆ 15 ತುಂಬಿದಾಗ ಆಧಾರ್‌ನಲ್ಲಿ ಬೆರಳಚ್ಚು ಅಪ್‌ಡೇಟ್ ಮಾಡಿಸಬೇಕು. ಮಗುವಿನ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ. ಇನ್ನು, ಮೂಲ ದಾಖಲೆಗೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಪ್ಲಾಸ್ಟಿಕ್ ಫೋಲ್ಡರ್ ಸಾಕು.

ಹಂತ 6: ಎನ್‌ಎಂಎಂಎಸ್

ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗಿರುವ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ ಇದು. ಮನೆಯ ವರ್ಷದ ಆದಾಯ 3.5 ಲಕ್ಷ ದಾಟಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ತಲಾ 90 ಪ್ರಶ್ನೆಯ ಎರಡು ಪೇಪರ್, ಒಂದೊಂದಕ್ಕೆ 90 ನಿಮಿಷ. ಒಂದರಲ್ಲಿ ಬುದ್ಧಿಗೆ ಕಸರತ್ತು, ಇನ್ನೊಂದರಲ್ಲಿ ಏಳು, ಎಂಟರ ಪಾಠ. ಹಾಗಾಗಿ ಏಳನೇ ಕ್ಲಾಸಿನ ಪುಸ್ತಕ ಗುಜರಿಗೆ ಹಾಕಬೇಡಿ. ದಪ್ಪ ಗೈಡುಗಳಲ್ಲಿ ಉತ್ತರಗಳೇ ತಪ್ಪಿರುತ್ತವೆ, ಹಳೆಯ ಪ್ರಶ್ನೆಪತ್ರಿಕೆಗಳೇ ಮೇಲು.

ಹಂತ 7: ಗಣಿತದ ತೂತು ಎಲ್ಲಿದೆ

ಎರಡೇ ಲೆಕ್ಕ ಕೊಡಿ. 2/3 + 1/4 ಎಷ್ಟು? −3 −5 ಎಷ್ಟು? ಮೊದಲನೆಯದಕ್ಕೆ 3/7 ಎಂದು ಬರೆದರೆ ತೂತು ಐದನೇ ಕ್ಲಾಸಿನಲ್ಲಿದೆ. ಎರಡನೆಯದಕ್ಕೆ "ಮೈನಸ್ ಮೈನಸ್ ಪ್ಲಸ್" ಅಂತ 8 ಬರೆದರೆ ಆರರಲ್ಲಿದೆ. ಟ್ಯೂಷನ್‌ಗೆ ಹಾಕಿದರೆ ಅಲ್ಲಿ ಎಂಟನೇ ಕ್ಲಾಸಿನ ಪಾಠ ಹೇಳುತ್ತಾರೆ, ತೂತು ಹಾಗೇ ಉಳಿಯುತ್ತೆ. ಐದರ ಪುಸ್ತಕ ತಂದು ಭಿನ್ನರಾಶಿಯ ಪಾಠ ಮತ್ತೆ ಮಾಡಿಸಿ. ಅವಮಾನ ಏನಿಲ್ಲ.

ಹಂತ 8: ಎರಡು ಪುಸ್ತಕ ಪಕ್ಕಪಕ್ಕ

ಬಹಳ ಜನ ಎಡವುವುದು ಇಲ್ಲಿ. ಕನ್ನಡ ಮೀಡಿಯಂ ಮಗು ಸೈನ್ಸ್ ತಗೊಂಡರೆ ಪಿಯುಸಿಯಲ್ಲಿ ಎಲ್ಲ ಇಂಗ್ಲಿಷ್. ಆ ಸೇತುವೆಯನ್ನು ಜೂನ್‌ನಲ್ಲಿ ಹದಿನೈದು ದಿನದ ಬ್ರಿಡ್ಜ್ ಕೋರ್ಸ್‌ನಲ್ಲಿ ಕಟ್ಟಲು ಹೋಗುತ್ತಾರೆ. ಆಗೋದಿಲ್ಲ. ಎಂಟನೇ ಕ್ಲಾಸಿನಿಂದ ವಾರಕ್ಕೆ ಎರಡು ಪುಟದಂತೆ ಮಾಡಿದರೆ ಗೊತ್ತೇ ಆಗದ ಹಾಗೆ ಮುಗಿಯುತ್ತದೆ.

ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಎರಡೂ ಮಾಧ್ಯಮದ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್‌ನ ವಿಜ್ಞಾನ, ಗಣಿತ ಪುಸ್ತಕ ಇಳಿಸಿಕೊಳ್ಳಿ. ಕ್ಲಾಸಿನಲ್ಲಿ ಆಗಿರುವ ಪಾಠ ಮಾತ್ರ ಜೆರಾಕ್ಸ್ ಮಾಡಿಸಿ. ಪಾಠ ಅದೇ, ಚಿತ್ರವೂ ಅದೇ. ಚಿತ್ರ ಹಿಡಿದುಕೊಂಡರೆ ಯಾವ ಸಾಲು ಯಾವುದಕ್ಕೆ ಜೋಡಿ ಎಂದು ಮಗುವಿಗೇ ಗೊತ್ತಾಗುತ್ತದೆ.

ಮೊದಲು ಕನ್ನಡದ ಪುಟ ಓದಲಿ. ಆಮೇಲೆ ಇಂಗ್ಲಿಷ್ ಪುಟ, ಬಾಯಿಬಿಟ್ಟು, ತಪ್ಪಿದರೂ ಸರಿ. ಪಾಠ ನಿಂತಿರುವುದು ಯಾವ ಪದಗಳ ಮೇಲೋ ಅವಕ್ಕೆ ಮಾತ್ರ ಸುತ್ತು ಹಾಕಲಿ, ಪುಟಕ್ಕೆ ಐದಾರು. ಸಾಲಿನ ಮೇಲೆ ಅರ್ಥ ಬರೆಯಲು ಬಿಡಬೇಡಿ. ಆ ಹುಡುಗಿ ಮಾಡಿದ್ದು ಅದನ್ನೇ. ಸಾಲಿನ ಮೇಲೆ ಕನ್ನಡ ಇದ್ದರೆ ಕಣ್ಣು ಅದನ್ನೇ ಓದುತ್ತದೆ, ಇಂಗ್ಲಿಷ್ ಪದ ಸುಮ್ನೆ ಕೆಳಗೆ ಬಿದ್ದಿರುತ್ತದೆ. ನೋಟ್‌ಬುಕ್‌ನಲ್ಲಿ ಮೂರು ಕಾಲಂ ಮಾಡಿ: ಕನ್ನಡ ಪದ, ಇಂಗ್ಲಿಷ್ ಪದ, ಒಂದು ಚಿತ್ರ ಅಥವಾ ಉದಾಹರಣೆ. ಮಾರನೇ ದಿನ ಕನ್ನಡದ ಕಾಲಂ ಮೇಲೆ ಸ್ಕೇಲ್ ಇಟ್ಟು ಮುಚ್ಚಿ ಕೇಳಿ.

ಮೊಬೈಲಿನ ಅನುವಾದದ ಆ್ಯಪ್ ಈ ಕೆಲಸಕ್ಕೆ ಆಗೋದಿಲ್ಲ. ನಮ್ಮ ಪಠ್ಯದಲ್ಲಿ ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ. ಆ್ಯಪ್ ಎರಡಕ್ಕೂ ವೇಗ ಅನ್ನುತ್ತೆ, ಅಲ್ಲಿಗೆ ಪಾಠವೇ ಕೆಟ್ಟಿತು. ಪವರ್ ಫಿಸಿಕ್ಸ್‌ನಲ್ಲಿ ಸಾಮರ್ಥ್ಯ, ಗಣಿತದಲ್ಲಿ ಘಾತ. ಶಕ್ತಿ ಅಂತ ಬರೆದುಕೊಂಡರೆ ಅದು ಎನರ್ಜಿ. ರೂಟ್ ಗಿಡದಲ್ಲಿ ಬೇರು, ಗಣಿತದಲ್ಲಿ ಮೂಲ. ಇಂಥವಕ್ಕೆ ಒಂದು ಪುಟವನ್ನೇ ಬಿಡಿ. ಮಕ್ಕಳಿಗೆ ಈ ಪುಟ ಬಹಳ ಇಷ್ಟ ಆಗುತ್ತೆ.

ವಿಜ್ಞಾನದ ಪದಗಳಿಗಿಂತ ಜಾಸ್ತಿ ಕಾಡುವುದು ಪ್ರಶ್ನೆಯ ಕ್ರಿಯಾಪದಗಳು. ಡಿಫೈನ್, ಡಿಸ್ಟಿಂಗ್ವಿಶ್, ಡಿರೈವ್. ಉತ್ತರ ಗೊತ್ತಿದ್ದೂ ಪ್ರಶ್ನೆ ಏನು ಕೇಳುತ್ತಿದೆ ಅಂತ ಗೊತ್ತಾಗದೆ ಬಿಟ್ಟುಬರುತ್ತಾರೆ. 'ರೆಸ್ಪೆಕ್ಟಿವ್ಲಿ' ಅಂದರೆ 'ಕ್ರಮವಾಗಿ' ಎಂದು ಒಮ್ಮೆ ಹೇಳಿಕೊಟ್ಟಾಗ ಒಬ್ಬ ಹುಡುಗ "ಇಷ್ಟೇನಾ ಸಾರ್!" ಅಂದಿದ್ದ. ಪ್ರತಿ ಪಾಠದ ಕೊನೆಯ ಅಭ್ಯಾಸ ಪ್ರಶ್ನೆಗಳನ್ನು ಎರಡೂ ಭಾಷೆಯಲ್ಲಿ ಎದುರುಬದುರು ಬರೆಸಿ. ಉತ್ತರ ಬೇಡ, ಪ್ರಶ್ನೆ ಮಾತ್ರ.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಇದು ಬೇಡ ಅಂದುಕೊಳ್ಳಬೇಡಿ. ಅವರದ್ದು ಉಲ್ಟಾ ಸಮಸ್ಯೆ: ಸಾಲುಸಾಲು ಬಾಯಿಪಾಠ, ಒಳಗೆ ಏನಿದೆ ಗೊತ್ತಿಲ್ಲ. ಓದಿದ್ದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಅಜ್ಜಿ ಎರಡು ಪ್ರಶ್ನೆ ಕೇಳಿದರೆ ಎಲ್ಲ ಹೊರಬೀಳುತ್ತೆ.

ಹಂತ 9: ಕಣ್ಣಾರೆ ತೋರಿಸಿ

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳ, ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ (ಜನರಿಗೆ ಸಂಸ್ಥೆ ತೆರೆದಿಡುವ ದಿನ), ಅಷ್ಟು ದೂರ ಆಗದಿದ್ದರೆ ತಾಲ್ಲೂಕಿನ ಪಾಲಿಟೆಕ್ನಿಕ್‌ನ ವರ್ಕ್‌ಶಾಪ್. ಒಂದು ದಿನ ಕರೆದುಕೊಂಡು ಹೋಗಿ.

ಹಂತ 10: ದಸರಾಕ್ಕೊಮ್ಮೆ

ಆಯುಧಪೂಜೆಗೆ ಪುಸ್ತಕ ಇಡುವಾಗ ಈ ನೋಟ್‌ಬುಕ್ಕೂ ಇಡಿ. ತೆಗೆದ ದಿನ ಮೂರನೇ ಹಂತದ ಪುಟ ಬಿಚ್ಚಿ ಕೂತುಕೊಳ್ಳಿ. ಮನಸ್ಸು ಬದಲಾಗಿದ್ದರೆ ಹಳೆಯದರ ಮೇಲೆ ಒಂದೇ ಗೆರೆ ಎಳೆದು ಕೆಳಗೆ ಹೊಸದು ಬರೆಯಲಿ. ಅಳಿಸುವುದು ಬೇಡ. ಈ ಸಲ ಪಾಲಿಟೆಕ್ನಿಕ್‌ಗೆ ಸೇರಿದ ಹುಡುಗನೊಬ್ಬನ ಪುಟದಲ್ಲಿ ಪೊಲೀಸ್, ಕ್ರಿಕೆಟ್ ಅಂಪೈರ್, ನರ್ಸ್ ಎಂದು ಮೂರು ಗೆರೆ ಎಳೆದಿತ್ತು. ನಾಲ್ಕನೇ ಸಾಲಿನಲ್ಲಿ ಡಿಪ್ಲೊಮಾ, ಎಲೆಕ್ಟ್ರಿಕಲ್. ಪಕ್ಕದಲ್ಲಿ ಅವನ ಅಮ್ಮನ ಕೈಬರಹ: "ಫ್ಯಾನ್ ರಿಪೇರಿ ಮಾಡಿದ, ತಿರುಗಿತು."