ಕ್ರಿಯಾಪದ ಮುಗಿಯುವ ಮೊದಲೇ ಬೀಳುವ ಕತ್ತರಿ

ಇಪ್ಪತ್ತು ನಿಮಿಷದ ಸಂದರ್ಶನದಲ್ಲಿ ಸುದ್ದಿ ಕಾರ್ಯಕ್ರಮಕ್ಕೆ ಬೇಕಾಗುವುದು ಹದಿನೈದು ಸೆಕೆಂಡಿನ ಒಂದು ಬೈಟ್, ಅಂದರೆ ಮಾತಿನ ಒಂದು ತುಣುಕು. ಅದು ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಎಂಬ ಟೈಮ್‌ಕೋಡ್ ಸುದ್ದಿ ಡೆಸ್ಕ್‌ನಿಂದ ಬರುತ್ತದೆ. ಅದನ್ನೇ ನೆಚ್ಚಿ ನಾನು ಎಡಿಟ್ ಮಾಡುವುದಿಲ್ಲ. ಆ ಪ್ರಶ್ನೆ, ಅದರ ಪೂರ್ತಿ ಉತ್ತರ, ಎರಡನ್ನೂ ಕೇಳಿದ ಮೇಲೆಯೇ ಕತ್ತರಿ.

ಕನ್ನಡದಲ್ಲಿ ಇದು ಇನ್ನೂ ಮುಖ್ಯ. ನಮ್ಮಲ್ಲಿ 'ಇಲ್ಲ', 'ಅಲ್ಲ' ಬರುವುದೇ ವಾಕ್ಯದ ಬಾಲದಲ್ಲಿ. 'ಅವರು ದುಡ್ಡು ತಿಂದಿದ್ದಾರೆ ಅಂತ ನಾನು ಹೇಳ್ತಾ ಇಲ್ಲ' ಎಂಬ ಮಾತನ್ನು 'ತಿಂದಿದ್ದಾರೆ' ಎಂಬಲ್ಲಿಗೆ ನಿಲ್ಲಿಸಿದರೆ, ಆಡಿದವರ ಬಾಯಿಂದಲೇ ಆಡದ ಆರೋಪ ಹೊರಟಿರುತ್ತದೆ. ಹಾಗೆ ಕತ್ತರಿಸಿದ್ದು ಕಿವಿಗೆ ಗೊತ್ತಾಗುತ್ತದೆ: ಮಾತು ಮುಗಿಯುವಾಗ ಧ್ವನಿ ಇಳಿಯಬೇಕು, ಇಲ್ಲಿ ಮೇಲೆಯೇ ನಿಂತಿರುತ್ತದೆ. ಅದನ್ನು ಮುಚ್ಚಲೆಂದೇ ಅಲ್ಲಿ 'ಢಂ' ಎಂಬ ಸದ್ದು ಹಾಕುವುದು. ನಾನು ಕೊನೆಯ ಕ್ರಿಯಾಪದ ಮುಗಿದು, ಉಸಿರು ಎಳೆದುಕೊಳ್ಳುವ ಹತ್ತು ಹನ್ನೆರಡು ಫ್ರೇಮ್‌ಗಳನ್ನೂ ಉಳಿಸಿಕೊಂಡು ಕತ್ತರಿಸುತ್ತೇನೆ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಅದು ಅರ್ಧ ಸೆಕೆಂಡೂ ಆಗದು.

ಎರಡು ತುಂಡು ಜೋಡಿಸಿದಾಗ ಚಿತ್ರ ಜಿಗಿಯುತ್ತದೆ. ರೂಢಿಯಂತೆ ಅದರ ಮೇಲೆ ಎರಡು ಸೆಕೆಂಡು ಕೈಗಳ ಶಾಟ್ ಅಥವಾ ವರದಿಗಾರ ತಲೆಯಾಡಿಸುವ ಶಾಟ್ ಹಾಕುತ್ತಾರೆ. ಒಂದೇ ಕ್ಯಾಮೆರಾ ಇದ್ದರೆ ಆ ತಲೆಯಾಡಿಸುವಿಕೆ ಸಂದರ್ಶನ ಮುಗಿದ ಮೇಲೆ ತೆಗೆದದ್ದು. ದೊಡ್ಡ ಸಂಸ್ಥೆಗಳೂ ಜೋಡಣೆಯಲ್ಲಿ ಎಡವಿವೆ. ಟ್ರಂಪ್ 2021ರ ಜನವರಿ 6ರಂದು ಮಾಡಿದ ಭಾಷಣದಲ್ಲಿ 50 ನಿಮಿಷಕ್ಕೂ ಹೆಚ್ಚು ಅಂತರದಲ್ಲಿದ್ದ ಮಾತುಗಳನ್ನು ಬಿಬಿಸಿಯ ಪನೋರಮಾ ಕಾರ್ಯಕ್ರಮ 2024ರಲ್ಲಿ ಒಂದೇ ಉಸಿರಿನ ಮಾತೆಂಬಂತೆ ತೋರಿಸಿತು. ಅದು ಬಯಲಾಗಿ 2025ರ ನವೆಂಬರ್‌ನಲ್ಲಿ ಮಹಾನಿರ್ದೇಶಕರೇ ರಾಜೀನಾಮೆ ಕೊಟ್ಟರು. ನಾನು ಜೋಡಣೆಯ ಜಾಗದಲ್ಲಿ ನಾಲ್ಕೈದು ಫ್ರೇಮ್ ಬಿಳಿ ಫ್ಲ್ಯಾಶ್ ಇಡುತ್ತೇನೆ. ಇಲ್ಲಿ ಕತ್ತರಿಸಿದೆ ಎಂದು ನೋಡುವವರಿಗೆ ತಿಳಿಯಲೇಬೇಕು. ಬೇರೆ ಬೇರೆ ಪ್ರಶ್ನೆಗಳ ಉತ್ತರಗಳನ್ನಂತೂ ಜೋಡಿಸುವುದೇ ಇಲ್ಲ.

ಹಳೆಯ ದೃಶ್ಯವಾದರೆ 'ಸಂಗ್ರಹ' ಎಂದು ಬರೆದರೆ ಸಾಲದು, ತಿಂಗಳು, ವರ್ಷ, ಊರು ಹಾಕಬೇಕು. ಶಾಟ್ ಪರದೆಯ ಮೇಲಿರುವಷ್ಟು ಹೊತ್ತೂ ಆ ಬರಹ ಇರಬೇಕು. ಬೈಟ್ ಕೆಳಗೆ ಸಂಗೀತ ಬೇಡ.

ಇಷ್ಟೆಲ್ಲ ಸರಿಯಿದ್ದರೂ ಕೆಡುವುದು ಪರದೆಯ ಕೆಳಗಿನ ಪಟ್ಟಿಯಲ್ಲಿ. ಅದನ್ನು ಬರೆಯುವವರು ಎಷ್ಟೋ ಸಲ ಬೈಟ್ ನೋಡಿರುವುದಿಲ್ಲ, ತಲೆಬರಹ ಮಾತ್ರ ಕೇಳಿರುತ್ತಾರೆ. ಮೇಲೆ 'ಹೇಳ್ತಾ ಇಲ್ಲ' ಎನ್ನುತ್ತಿದ್ದರೆ ಕೆಳಗೆ 'ದುಡ್ಡು ತಿಂದರಾ?' ಎಂದಿರುತ್ತದೆ. ಆ ಪ್ರಶ್ನಾರ್ಥಕ ಚಿಹ್ನೆ ಯಾರನ್ನೂ ಕಾಪಾಡುವುದಿಲ್ಲ, ಮನೆಯಲ್ಲಿ ಕೂತವರು ಅದನ್ನು ಉತ್ತರವೆಂದೇ ಓದುತ್ತಾರೆ. ಹಾಗಾಗಿ ಬೈಟ್ ಜೊತೆಗೇ ಅದರ ಅಕ್ಷರರೂಪವನ್ನೂ ಗ್ರಾಫಿಕ್ಸ್‌ನವರಿಗೆ ಕಳಿಸುತ್ತೇನೆ. ಪಟ್ಟಿಯ ಪದಗಳು ಅದರೊಳಗೇ ಇರಬೇಕೆಂದು ಕೇಳುತ್ತೇನೆ.

ಪ್ರಸಾರವಾದದ್ದರ ದಾಖಲೆಯನ್ನು ವಾಹಿನಿ 90 ದಿನ ಇಡಬೇಕು. ಕತ್ತರಿಸಿ ಬಿಟ್ಟ ಭಾಗವೋ, ಸರ್ವರ್ ತುಂಬಿದ ಕೂಡಲೇ ಅಳಿಸಿಹೋಗುತ್ತದೆ. ದೂರು ಬಂದಾಗ ಬೇಕಾಗುವುದು ಅದೇ. ಇಡೀ ಸಂದರ್ಶನವನ್ನು ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ, ಅಷ್ಟೇ ದಿನ, ದಿನಾಂಕ ಬರೆದು ಇಡುತ್ತೇನೆ.